ಬೆಚ್ಚಗಿನ ಮುಳ್ಳು

ರೆಕಾರ್ಡ್ ಪ್ಲೇಯರ್ ಹುಚ್ಚು ಹತ್ತಿದವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಪದ ವಾರ್ಮ್. ಈ ಕಾರ್ಟ್ರಿಜ್ ವಾರ್ಮ್, ಅದು ಬ್ರೈಟ್ ಎಂದು ಕಾಫಿಪುಡಿಯ ಹದ ಚರ್ಚಿಸುವವರ ಗಾಂಭೀರ್ಯದಲ್ಲಿ ಮಾತಾಡಿಕೊಳ್ಳುತ್ತೇವೆ. ಆ ಪದವನ್ನು ಕನ್ನಡಕ್ಕೆ ತಂದು ಅವ್ವನಿಗೆ ಹೇಳಲು ಹೋದೆ. "ದನಿ ಸ್ವಲ್ಪ ಬೆಚ್ಚಗ ಇರಬೇಕವ್ವಾ, ಅದಕ್ಕ ಬ್ಯಾರೆ ಪಿನ್ನು ಹುಡುಕಲಿಕತ್ತೀನಿ" ಅಂದೆ. "ಯಾಕೋ ತಮ್ಮಾ, ದನಿಗೇನು ಥಂಡಿ ಆಗ್ಯಾದೇನು?" ಅಂದಳು.

ಅವಳು ಕೇಳಿದ್ದು ಸರಿಯೇ. ನಮ್ಮದು ರಾಯಚೂರು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಬೆಚ್ಚಗಿನದನ್ನು ಯಾರೂ ಹೊಗಳುವುದಿಲ್ಲ. ಒಳ್ಳೆಯದಾದರೆ ಹೊಟ್ಟೆ ತಣ್ಣಗಾಗುತ್ತದೆ, ಮೊಮ್ಮಗುವನ್ನು ನೋಡಿದರೆ ಕಣ್ಣು ತಂಪಾಗುತ್ತದೆ, ಒಳ್ಳೆಯ ಹಾಡು ಕೇಳಿದರೆ ಕಿವಿ ತಂಪಾಗುತ್ತದೆ. ಚಳಿಯಲ್ಲಿ ನಡುಗುವ ದೇಶದವರು ದನಿಯಲ್ಲೂ ಕಾವು ಹುಡುಕಿದರು. ಅವರ ಪದ ಅವರಿಗೆ ಸರಿ. ನಮ್ಮಲ್ಲಿ ದನಿಗೆ ಬೇರೆ ಮಾತುಗಳೇ ಇವೆ: ತುಂಬು ಕಂಠ, ಕಂಚಿನ ಕಂಠ, ಕೀರಲು ದನಿ, ಗೊಗ್ಗರು ದನಿ. ನಾನು ಹುಡುಕುತ್ತಿದ್ದುದು ಬಹುಶಃ ಈ ತುಂಬು ಕಂಠವನ್ನೇ. ಹಾಡುವವರಲ್ಲಿ ಅದು ಇದ್ದೇ ಇತ್ತು. ಅದು ಮುಳ್ಳಿನಿಂದ ಸ್ಪೀಕರಿಗೆ ಬರುವ ದಾರಿಯಲ್ಲಿ ಎಲ್ಲಿ ಸೋರಿಹೋಗುತ್ತಿದೆ ಎಂಬುದು ನನ್ನ ತಕರಾರು.

ಅಪ್ಪ ಹೋದ ಮೇಲೆ ರಾಯಚೂರಿನ ಮನೆಗೆ ಬೀಗ ಬಿತ್ತು. ಅವ್ವ ಹೈದರಾಬಾದಿನ ನಮ್ಮ ಫ್ಲ್ಯಾಟಿಗೆ ಬಂದಳು, ಜೊತೆಗೆ ಎರಡು ಟ್ರಂಕಿನ ತುಂಬ ರೆಕಾರ್ಡುಗಳು. ಒಂದು ರೀತಿಯಲ್ಲಿ ಅವು ತವರಿಗೇ ಮರಳಿದವು. 1956ರವರೆಗೆ ರಾಯಚೂರು ಹೈದರಾಬಾದ್ ರಾಜ್ಯದ ಜಿಲ್ಲೆಯೇ ಆಗಿತ್ತಲ್ಲ. ರಾಜ್ಯ ಬದಲಾದರೂ ನಮ್ಮ ಕಡೆಯವರ ಕಾಲು ಬದಲಾಗಲಿಲ್ಲ. ಬೆಂಗಳೂರು ದುಪ್ಪಟ್ಟು ದೂರ. ದೊಡ್ಡ ಆಸ್ಪತ್ರೆ, ಮದುವೆ ಜವಳಿ, ಅಪ್ಪನ ಮಟ್ಟಿಗೆ ರೆಕಾರ್ಡು, ಎಲ್ಲಕ್ಕೂ ಹೈದರಾಬಾದೇ. ಪ್ಲೇಯರನ್ನು ಅವನು ಕೊಂಡದ್ದು ಅಬಿಡ್ಸ್‌ನಲ್ಲಿ, ನಾನು ಹುಟ್ಟುವ ಮುಂಚೆ. ಅದರ ಮೋಟಾರು ಎಂದೋ ಕೈಕೊಟ್ಟಿತ್ತು. ನಾನು ಹೊಸದೊಂದು ಟರ್ನ್‌ಟೇಬಲ್ ಕೊಂಡೆ. ಅದರ ಜೊತೆಗೇ ಆಡಿಯೋ-ಟೆಕ್ನಿಕಾದ ವಿಎಂ95ಇ ಕಾರ್ಟ್ರಿಜ್ ಬಂತು.

ಮೊದಲು ಹಾಕಿದ್ದು 'ಬಂಗಾರದ ಮನುಷ್ಯ'ದ ಇಪಿ. 1972ರ ಚಿತ್ರ, ಜಿ. ಕೆ. ವೆಂಕಟೇಶ್ ಸಂಗೀತ, ಪಿ. ಬಿ. ಶ್ರೀನಿವಾಸ್ ದನಿ. ಕಾಕಿನಾಡದಲ್ಲಿ ಹುಟ್ಟಿದ ಈ ಮನುಷ್ಯ ರಾಜಕುಮಾರರ ಗಂಟಲಾಗಿ ನಮ್ಮ ಮನೆಯವರೇ ಆಗಿಬಿಟ್ಟಿದ್ದರು. ಪಕ್ಕದ ಫ್ಲ್ಯಾಟಿನ ತೆಲುಗು ಅಂಕಲ್ "ಆಯನ ಮಾವಾಡೇ ಕದಂಡಿ" ಎಂದು ಆಗಾಗ ನೆನಪಿಸುತ್ತಾರೆ. ಹಾಡು ಬಂತು. ಸ್ವಚ್ಛವಾಗಿತ್ತು. ಕೊಳಲು ಒಂದು ಕಡೆ, ಪಿಟೀಲು ಒಂದು ಕಡೆ ಎಂದು ಎಣಿಸಬಹುದಿತ್ತು. ಆದರೆ ಪಿ. ಬಿ. ಶ್ರೀನಿವಾಸರು ಸಣ್ಣಗಾಗಿದ್ದರು. ನಮ್ಮ ಪಡಸಾಲೆಯಲ್ಲಿ ಹಾಡುತ್ತಿದ್ದವರು ದುಂಡಗೆ, ಎದೆಯಿಂದ ಹಾಡುತ್ತಿದ್ದರು. ಇವರು ಹಲ್ಲಿನ ತುದಿಯಿಂದ ಹಾಡುವ ಹಾಗಿತ್ತು.

ಯಾಕೆ ಎಂದು ತಿಳಿಯಬೇಕಾದರೆ ಅಪ್ಪನ ಪ್ಲೇಯರಿನ ಹೊಟ್ಟೆ ಬಗೆಯಬೇಕು. ಆ ಕಾಲದ ಪೋರ್ಟಬಲ್‌ಗಳಲ್ಲಿ ಇರುತ್ತಿದ್ದುದು ಸಿರಾಮಿಕ್ ಕಾರ್ಟ್ರಿಜ್. ಮುಳ್ಳು ಅಲುಗಿದಾಗ ಒಂದು ಸಣ್ಣ ಸಿರಾಮಿಕ್ ಬಿಲ್ಲೆಯನ್ನು ಬಾಗಿಸುತ್ತದೆ, ಬಾಗಿದ ಬಿಲ್ಲೆ ವಿದ್ಯುತ್ ಕೊಡುತ್ತದೆ. ಅಗ್ಗ, ಗಟ್ಟಿಮುಟ್ಟು, ಜೋರು. ಆದರೆ ಮುಳ್ಳನ್ನು 5-6 ಗ್ರಾಂ ಭಾರದಲ್ಲಿ ಒತ್ತಬೇಕು, ಮತ್ತು ಮೇಲಿನ ಸ್ಥಾಯಿಯ ಸೂಕ್ಷ್ಮಗಳು ಅದರ ಕೈಗೆ ಅಷ್ಟಾಗಿ ಸಿಗುವುದಿಲ್ಲ. ಅದರ ಮುಂದೆ ಅಂಗೈಯಗಲದ ಒಂದೇ ಸ್ಪೀಕರು, ಅದರ ಹಿಂದೆ ಮರದ ಕಪಾಟು, ಕೆಳಗೆ ಶಹಾಬಾದ್ ಕಲ್ಲಿನ ನೆಲ. ನನ್ನ ನೆನಪಿನ ತುಂಬು ಕಂಠದಲ್ಲಿ ಪಿ. ಬಿ. ಶ್ರೀನಿವಾಸರದೆಷ್ಟು, ಇವುಗಳದೆಷ್ಟು?

ಈಗಿನವು ಬಹುಪಾಲು ಮೂವಿಂಗ್ ಮ್ಯಾಗ್ನೆಟ್. ಮುಳ್ಳಿನ ಕಡ್ಡಿಯ ಇನ್ನೊಂದು ತುದಿಯಲ್ಲಿ ಪುಟ್ಟ ಅಯಸ್ಕಾಂತ, ಅದರ ಸುತ್ತ ತಂತಿಯ ಸುರುಳಿ. ವಿಎಂ95ಇ ಕೊಡುವುದು 4 ಮಿಲಿವೋಲ್ಟ್, ಒತ್ತುವುದು 2 ಗ್ರಾಂ. ಮುಳ್ಳಿನ ತುದಿ ದೀರ್ಘವೃತ್ತಾಕಾರ, ಪಕ್ಕದ ತ್ರಿಜ್ಯ ಸುಮಾರು 8 ಮೈಕ್ರಾನ್. ಇದೇ ದೇಹಕ್ಕೆ ವಿಎಂ95ಸಿ ಎಂಬ ಇನ್ನೊಂದು ಮುಳ್ಳು ಸಿಗುತ್ತದೆ. ಅದರ ತುದಿ ಗುಂಡಗೆ, ತ್ರಿಜ್ಯ 15 ಮೈಕ್ರಾನ್. ಎಳೆದು ತೆಗೆದು ಇನ್ನೊಂದನ್ನು ಚುಚ್ಚಿದರೆ ಆಯಿತು, ಸ್ಕ್ರೂ ಮುಟ್ಟುವಂತಿಲ್ಲ. ಗುಂಡು ಮುಳ್ಳಿಗೆ ಗಾಡಿಯ ಚಕ್ರದ ಗುಣ: ಸಣ್ಣ ಹಳ್ಳಕ್ಕೆ ಇಳಿಯದೆ ಮೇಲೇ ದಾಟಿಬಿಡುತ್ತದೆ. ಸೀಳು, ಚುರುಕು ಕಡಿಮೆಯಾಗಿ ಉಳಿದದ್ದು ತುಂಬಿಕೊಂಡ ಹಾಗೆ ಕೇಳುತ್ತದೆ. ವಾರ್ಮ್ ಎಂಬುದರ ಅರ್ಧ ಗುಟ್ಟು ಇಷ್ಟೇ: ಕೆಳಗೆ ಏನನ್ನೂ ಸೇರಿಸಿರುವುದಿಲ್ಲ, ಮೇಲೆ ಸ್ವಲ್ಪ ಕಳೆದಿರುತ್ತದೆ.

ಬೇರೆ ಹೆಸರುಗಳನ್ನೂ ಜಾಲಾಡಿದೆ. ಡೆನಾನ್‌ನ ಡಿಎಲ್-103 ಇದೆ. 1960ರ ದಶಕದಲ್ಲಿ ಜಪಾನಿನ ಎನ್‌ಎಚ್‌ಕೆ ಬಾನುಲಿಗಾಗಿ ಮಾಡಿದ್ದು, ಇವತ್ತಿಗೂ ಮಾಡುತ್ತಾರೆ, ಅದಕ್ಕೂ ಗುಂಡು ಮುಳ್ಳೇ. ಮೂವಿಂಗ್ ಕಾಯಿಲ್ ಆದ್ದರಿಂದ 0.3 ಮಿಲಿವೋಲ್ಟ್ ಮಾತ್ರ ಕೊಡುತ್ತದೆ, ಅದನ್ನು ಎತ್ತಲು ಇನ್ನೊಂದು ಪೆಟ್ಟಿಗೆ ಬೇಕು. ನನ್ನ ಟರ್ನ್‌ಟೇಬಲಿಗೆ ಅದು ಎಮ್ಮೆಗಿಂತ ಗಂಟೆ ಭಾರ ಎನ್ನುವ ಲೆಕ್ಕ. ಬ್ರೂಕ್ಲಿನ್‌ನ ಗ್ರಾಡೊ, ಜಪಾನಿನ ನಾಗಾವೊಕ ಇವೆರಡೂ ಬೆಚ್ಚಗಿನ ದನಿಗೆ ಹೆಸರಾದವು. ಇವನ್ನೆಲ್ಲ ಅಂಗಡಿಯಲ್ಲಿ ಕೂತು ಕೇಳಿ ಕೊಳ್ಳುವ ಭಾಗ್ಯ ನಮಗೆ ಕಡಿಮೆ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಒಂದು ಕಾರ್ಯಕ್ರಮದ ಉಪ್ಪಿಟ್ಟಿನ ಸಾಲಿನಲ್ಲಿ ಪರಿಚಯವಾದ ಕಲಬುರ್ಗಿಯ ಹಿರಿಯರೊಬ್ಬರ ಬಳಿ ನಾಗಾವೊಕ ಎಂಪಿ-110 ಇತ್ತು. "ಒಯ್ದು ಕೇಳ್ರಿ, ಒಂದು ವಾರದಾಗ ತಂದು ಕೊಡ್ರಿ" ಎಂದು ಬಿಚ್ಚಿ ಕೊಟ್ಟೇಬಿಟ್ಟರು. ಹೆಣ್ಣು ಕೊಟ್ಟಷ್ಟು ಜೋಪಾನದಿಂದ ಕೊಟ್ಟರು. ಚೆನ್ನಾಗಿತ್ತು. ಸಿತಾರಿನ ತಂತಿ ಕಿವಿಗೆ ಚುಚ್ಚುತ್ತಿರಲಿಲ್ಲ, ತಬಲಾದ ಬಾಯಾಕ್ಕೆ ಮೈ ಬಂದಿತ್ತು. ವಾರ ತುಂಬುವ ಮೊದಲೇ ಮರಳಿಸಿದೆ. ಒಡೆದೀತು ಎಂಬ ಭಯಕ್ಕೆ ಒಂದು ರಾತ್ರಿಯೂ ನೆಟ್ಟಗೆ ನಿದ್ದೆ ಬಂದಿರಲಿಲ್ಲ.

ಅಗ್ಗದ ದಾರಿಗಳೂ ಇವೆ. ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್‌ಗೆ ಆಂಪ್ಲಿಫೈಯರ್ ಕೊಡುವ ತಡೆ ರೂಢಿಯಂತೆ 47 ಕಿಲೋ ಓಮ್. ಅದಕ್ಕೆ ಸಮಾಂತರವಾಗಿ 100 ಕಿಲೋ ಓಮಿನ ರೆಸಿಸ್ಟರ್ ಬೆಸೆದರೆ ಒಟ್ಟು ತಡೆ ಸುಮಾರು 32ಕ್ಕೆ ಇಳಿಯುತ್ತದೆ, ಮೇಲಿನ ಸ್ಥಾಯಿ ಮೆತ್ತಗಾಗುತ್ತದೆ. ಕಾರ್ಟ್ರಿಜ್ ಬದಲಿಸದೆ ಅದರ ಸ್ವಭಾವ ತಿದ್ದುವ ಉಪಾಯ. ಕೋಠಿಯ ಗುಜರಾತಿ ಗಲ್ಲಿಗೆ ಹೋದೆ. ಸ್ಪೀಕರಿನ ಕೋನು, ಟ್ರಾನ್ಸ್‌ಫಾರ್ಮರು, ಎಲ್ಲೂ ಸಿಗದ ನಾಬು, ಎಲ್ಲ ಅಲ್ಲಿ ಸಿಗುತ್ತದೆ. ಅಂಗಡಿಯವರು ಎರಡೇ ಎರಡು ರೆಸಿಸ್ಟರ್ ಕೇಳಿದವನನ್ನು ಮೇಲಿಂದ ಕೆಳಗೆ ನೋಡಿ ಯಾತಕ್ಕೆ ಅಂದರು. ಗರಮ್ ಆವಾಜ್ ಬೇಕಿತ್ತು ಅಂದೆ. "ಗರಮ್ ಆವಾಜ್ ಬೋಲೇತೋ ಕ್ಯಾ ಸಾಬ್?" ಎಂದು ಹುಬ್ಬು ಗಂಟಿಕ್ಕಿದರು. ಆಂಪ್ಲಿಫೈಯರ್ ಬಿಸಿಯಾಗುತ್ತಿದ್ದರೆ ಸಣ್ಣ ಫ್ಯಾನ್ ಹಾಕಿಕೊಡುತ್ತೇನೆ ಎಂದೂ ಹೇಳಿದರು. ಅವ್ವ ಮತ್ತು ಗುಜರಾತಿ ಗಲ್ಲಿ ಈ ವಿಷಯದಲ್ಲಿ ಒಂದೇ ಪಕ್ಷ.

ಇನ್ನೊಂದು ಉಪಾಯ ಇನ್ನೂ ಅಗ್ಗ. ಆ ಕಾಲದ ನಮ್ಮ ಸಿನಿಮಾ ಇಪಿಗಳು ಬಹುಪಾಲು ಮೋನೋ. ಹಾಡೆಲ್ಲ ಮುಳ್ಳಿನ ಅಡ್ಡ ಚಲನೆಯಲ್ಲೇ ಇರುತ್ತದೆ. ಸ್ಟೀರಿಯೋ ಕಾರ್ಟ್ರಿಜ್ ಮೇಲೆ-ಕೆಳಗಿನ ಕುಲುಕಾಟವನ್ನೂ ಹೆಕ್ಕಿ ತರುತ್ತದೆ, ಅದರಲ್ಲಿ ಇರುವುದು ಧೂಳು, ಗೀರು, ಕಿರಿಕಿರಿ ಮಾತ್ರ. ಎಡ-ಬಲ ಎರಡನ್ನೂ ಕೂಡಿಸಿ ಒಂದು ಮಾಡಿದರೆ ಆ ಕುಲುಕಾಟ ಬಹಳಷ್ಟು ತಾನೇ ಅಳಿಸಿಹೋಗುತ್ತದೆ. ಹಳೆಯ ಕನ್ನಡ, ತೆಲುಗು, ಹಿಂದಿ ಇಪಿ ಹಾಕುವವರು ಹೊಸ ಕಾರ್ಟ್ರಿಜ್‌ಗೆ ದುಡ್ಡು ಸುರಿಯುವ ಮೊದಲು ಇದನ್ನು ಮಾಡಿ ನೋಡಿ. ಭಾನುವಾರ ಅಬಿಡ್ಸ್ ಫುಟ್‌ಪಾತಿನಲ್ಲೋ ಗುರುವಾರ ಜುಮೇರಾತ್ ಬಜಾರಿನಲ್ಲೋ ಅದೃಷ್ಟವಿದ್ದರೆ ಕೈಗೆ ಸಿಗುವ ಪ್ಲೇಟುಗಳೆಲ್ಲ ಐದಾರು ಗ್ರಾಂ ಮುಳ್ಳಿನ ಕೆಳಗೆ ಬಾಳಿ ಬಂದವು. ವಿದೇಶದ ವಿಮರ್ಶಕರು ಫಳಫಳ ಹೊಸ ರೆಕಾರ್ಡ್ ಹಾಕಿ ಬರೆದ ಅಭಿಪ್ರಾಯ ಇವುಗಳಿಗೆ ಅಷ್ಟಾಗಿ ಹೊಂದುವುದಿಲ್ಲ.

ಗುಂಡು ಮುಳ್ಳು, 32 ಕಿಲೋ ಓಮ್, ಮೋನೋ. ಪಿ. ಬಿ. ಶ್ರೀನಿವಾಸರು ಪಡಸಾಲೆಗೆ ವಾಪಸು ಬಂದರು. ಬಾಲ್ಕನಿಯಲ್ಲಿ ಮೆಂತೆಸೊಪ್ಪು ಸೋಸುತ್ತಿದ್ದ ಅವ್ವ ತಲೆ ಎತ್ತಿ, "ಈಗ ಬಂತು ನೋಡು ನಮ್ಮ ಮನಿ ದನಿ" ಅಂದಳು.

ಹಾಗೆಂದು ತುಂಬಿದ್ದೆಲ್ಲ ನಿಜ, ತೆಳುವಾದದ್ದೆಲ್ಲ ಯಂತ್ರದ ದೋಷ ಎಂದುಕೊಳ್ಳಬೇಕಿಲ್ಲ. ಗಂಗೂಬಾಯಿ ಹಾನಗಲ್ 1930ರ ದಶಕದಲ್ಲಿ ಗಾಂಧಾರಿ ಎಂಬ ಹೆಸರಿನಲ್ಲಿ ಕೊಟ್ಟ 78ರ ಪ್ಲೇಟುಗಳಲ್ಲಿ ದನಿ ಸಣ್ಣ, ಮೇಲಿನ ಸ್ಥಾಯಿಯದು. ನಾವೆಲ್ಲ ಬಲ್ಲ ಆ ಗಂಭೀರ, ಗಂಡುದನಿಯಂಥ ಕಂಠ ಬಂದದ್ದು ಗಂಟಲಿಗೆ ಚಿಕಿತ್ಸೆಯಾದ ಮೇಲೆ. ಆ ಮೊದಲ ಪ್ಲೇಟುಗಳನ್ನು ಬೆಚ್ಚಗೆ ಮಾಡಲು ಹೊರಟರೆ ಇಲ್ಲದ ಗಂಗೂಬಾಯಿಯನ್ನು ತಯಾರಿಸಿದ ಹಾಗೆ. ಮನ್ಸೂರರದೂ ಅಷ್ಟೇ, ಆ ದನಿಯ ಮೊನೆಯನ್ನು ಸವರಿದರೆ ಮನ್ಸೂರರು ಉಳಿಯುವುದಿಲ್ಲ.

ಹೀಗೆ ನನ್ನ ಮಟ್ಟಿಗೆ ಮುಗಿದಿದ್ದ ವ್ಯವಹಾರ ಮತ್ತೆ ತೆರೆದದ್ದು ಒಂದು ಎಲ್‌ಪಿಯಿಂದ. ಭೀಮಸೇನ ಜೋಶಿಯವರು ಹಾಡಿದ ದಾಸರ ಪದಗಳು. ಅದರ ಲೇಬಲ್ಲಿನ ಮೇಲೆ, ಕೊನೆಯ ಪದದ ಎದುರು, ಅಪ್ಪ ಪೆನ್ಸಿಲಿನಲ್ಲಿ ಒಂದು ಸಣ್ಣ ಟಿಕ್ ಹಾಕಿದ್ದಾನೆ. ಅವ್ವ ಕೂತು ಆ ಬದಿಯನ್ನು ಪೂರ್ತಿ ಕೇಳಿದಳು. "ದನಿ ಛಂದ ಅದ. ಮಾತು ಒಂದೂ ತಿಳಿವಲ್ದು" ಅಂದಳು. ಅದು ಯಾರ ಪದ ಎಂದು ಕೊನೆಯ ಅಂಕಿತಕ್ಕೆ ಕಿವಿಗೊಟ್ಟಿದ್ದಳು. ವಿಠಲ ಎಂಬುದು ಕೇಳಿತ್ತು. ಯಾವ ವಿಠಲ ಎಂಬುದು ಕೇಳಿರಲಿಲ್ಲ. ಅವಳ ತವರು ಮಾನ್ವಿ, ಜಗನ್ನಾಥದಾಸರ ಊರು. ಅವರ ಅಂಕಿತ ಜಗನ್ನಾಥವಿಠಲ. ವಿಜಯವಿಠಲ, ಗೋಪಾಲವಿಠಲ, ಪುರಂದರವಿಠಲ, ನಮ್ಮ ಸೀಮೆಯಲ್ಲಿ ವಿಠಲರಿಗೆ ಬರವಿಲ್ಲ. ಲೇಬಲ್ ನೋಡಿ, ಹುಡುಕಿ ಹೇಳಲೇ ಅಂದೆ. "ಬ್ಯಾಡ. ಹಾಡಿನಾಗೇ ಬರ್ತದಲ್ಲ, ಕೇಳತೀನಿ" ಅಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮಪ್ಪ ರಾತ್ರಿ ಹತ್ತಾದ ಮ್ಯಾಲೆ ಸಣ್ಣಗ ಇದನ್ನ ಹಾಕ್ಕೊಂಡು ಒಬ್ಬರ ಕೂಡತಿದ್ರು. ನಾ ಒಳಗ ಭಾಂಡಿ ತಿಕ್ಕತಿದ್ದೆ. ಬಾ ಅಂತ ಅವರು ಕರೀಲಿಲ್ಲ, ನನಗೂ ಪುರಸೊತ್ತಿರಲಿಲ್ಲ. ಏನು ಕೇಳತಿದ್ರು ಅಂತ ಈಗರ ತಿಳೀಲಿ" ಅಂದಳು.

ಅವಳ ಕಿವಿಯ ಪರೀಕ್ಷೆ ಹೋದ ವರ್ಷವೇ ಆಗಿತ್ತು. ಆ ಗ್ರಾಫ್ ಕಪಾಟಿನಲ್ಲಿತ್ತು, ತೆಗೆದು ನೋಡಿದೆ. 250, 500 ಹರ್ಟ್ಜ್‌ನಲ್ಲಿ ಗೆರೆ ಪರವಾಗಿಲ್ಲ. 2000 ದಾಟಿದ ಮೇಲೆ ಮೆಟ್ಟಿಲಿಳಿದು, 4000ರಲ್ಲಿ 60 ಡೆಸಿಬೆಲ್ಲಿನ ತಳಕ್ಕೆ ಕೂತಿದೆ. ವಯಸ್ಸಿಗೆ ಬರುವ ಕಿವುಡು ಹೆಚ್ಚಾಗಿ ಹೀಗೇ, ಮೇಲಿನಿಂದ ಕಿತ್ತುಕೊಂಡು ಬರುತ್ತದೆ. ಅ, ಉ, ಓ ಇಂಥ ಸ್ವರಗಳ ಬಲ ಕೆಳಗಿನ ಭಾಗದಲ್ಲಿದೆ, ಅವು ಉಳಿಯುತ್ತವೆ, ದನಿ ಕೇಳುತ್ತದೆ. ಸ, ಶ, ತ, ಕ ಮುಂತಾದ ವ್ಯಂಜನಗಳ ಗುರುತು ಮೇಲಿನ ಭಾಗದಲ್ಲಿ, ಅವು ಮೊದಲು ಹೋಗುತ್ತವೆ. ಸಾಲು, ಕಾಲು, ಹಾಲು ಮೂರೂ ಅವ್ವನಿಗೆ ಆಲು. ಸಿನಿಮಾ ಹಾಡು ಬಾಯಿಪಾಠ, ಬಿಟ್ಟ ಅಕ್ಷರವನ್ನು ತಲೆಯೇ ತುಂಬಿಕೊಳ್ಳುತ್ತದೆ. ಒಮ್ಮೆಯೂ ಪಕ್ಕದಲ್ಲಿ ಕೂತು ಕೇಳದ ಪದಕ್ಕೆ ತಲೆ ಏನನ್ನು ತುಂಬೀತು?

ನಾನು ಆರು ತಿಂಗಳಿಂದ ಹುಡುಕುತ್ತಿದ್ದ ಬೆಚ್ಚಗಿನ ಗೆರೆಯೂ ಹೀಗೇ ಬಲಕ್ಕೆ ಇಳಿಯುವಂಥದ್ದು. ಅವ್ವನ ಕಿವಿಯಷ್ಟು ಬೆಚ್ಚಗಿನ ಕಾರ್ಟ್ರಿಜ್ ಎಲ್ಲೂ ಸಿಗುವುದಿಲ್ಲ. ಅದರ ಮುಂದೆ ನನ್ನ ಗುಂಡು ಮುಳ್ಳನ್ನೂ ರೆಸಿಸ್ಟರನ್ನೂ ಇಟ್ಟರೆ ಕಂಬಳಿಯ ಮೇಲೆ ಕಂಬಳಿ.

ಸಾಲದ್ದಕ್ಕೆ ಅಪ್ಪನ ಟಿಕ್ ಇರುವುದು ಕೊನೆಯ ಪದಕ್ಕೆ. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ, ಅದರಲ್ಲಿ ಬದಲಾವಣೆಯಿಲ್ಲ. ಆದರೆ ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಅರ್ಧ ಮೀಟರಿನಷ್ಟು ಗೆರೆ ಸರಿದರೆ, ಲೇಬಲ್ಲಿನ ಹತ್ತಿರ ಸರಿಯುವುದು 21 ಸೆಂಟಿಮೀಟರ್. ಅಷ್ಟೇ ಮಾತನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಕೆತ್ತಿರುತ್ತದೆ. 10,000 ಹರ್ಟ್ಜ್‌ನ ಒಂದು ಅಲೆ ಅಲ್ಲಿ 21 ಮೈಕ್ರಾನ್ ಉದ್ದ. 15 ಮೈಕ್ರಾನ್ ತ್ರಿಜ್ಯದ ಗುಂಡು ಮುಳ್ಳು ಅದರೊಳಗೆ ಹೇಗೆ ಇಳಿಯಬೇಕು? ಸಕಾರವೆಲ್ಲ ಕಲಸಿಹೋಗುವುದು ಅಲ್ಲಿಯೇ. 8 ಮೈಕ್ರಾನಿನದು ಕಷ್ಟಪಟ್ಟಾದರೂ ಇಳಿಯುತ್ತದೆ.

ರೆಸಿಸ್ಟರುಗಳನ್ನು ಬಿಡಿಸಿದೆ. ಜೊತೆಗೇ ಬಂದಿದ್ದ ವಿಎಂ95ಇ ಮುಳ್ಳನ್ನು ಮತ್ತೆ ಚುಚ್ಚಿದೆ. ಇದು ನನಗೆ ಇಷ್ಟವಾದ ದನಿಯಲ್ಲ, ಈಗಲೂ ಅಲ್ಲ.

ಅವ್ವ ಕಿವಿಯ ಯಂತ್ರ ಹಾಕಿಕೊಂಡು ಕೂತಳು, ಎರಡೇ ನಿಮಿಷಕ್ಕೆ ಕಿತ್ತಿಟ್ಟಳು. "ಒಗ್ಗರಣಿ ಸಿಡದಂಗ ಸಿಡೀತದೋ." ಯಂತ್ರ ಮೇಲಿನ ಸ್ಥಾಯಿಯನ್ನು ಎತ್ತಿ ಕೊಡುತ್ತದೆ, ರೆಕಾರ್ಡಿನ ಧೂಳಿನ ಚಟಪಟವೂ ಇರುವುದು ಅಲ್ಲಿಯೇ, ಸಕಾರದ ಜೊತೆ ಸಾಸಿವೆಯನ್ನೂ ಎತ್ತಿ ಕೊಟ್ಟಿತು. ಹಾಗಾಗಿ ಕಾರ್ಟ್ರಿಜ್ ಹುಡುಕಾಟ ಹೋಗಿ ತೊಳೆಯುವ ಕೆಲಸ ಬಂತು. ಡಿಸ್ಟಿಲ್ಡ್ ನೀರು, ಪಾತ್ರೆ ತೊಳೆಯುವ ದ್ರಾವಣ ಒಂದೆರಡು ಹನಿ, ಮೇಕೆಕೂದಲಿನ ಮೆತ್ತನೆ ಬ್ರಶ್ಶು. ಗೆರೆಯ ಗುಂಟವೇ ಉಜ್ಜಬೇಕು, ಲೇಬಲ್ಲಿಗೆ ನೀರು ತಾಗಬಾರದು, ಕೊನೆಗೆ ಬರೀ ಡಿಸ್ಟಿಲ್ಡ್ ನೀರಿನಲ್ಲಿ ಇನ್ನೊಮ್ಮೆ. ಕೆಲವರು ಸ್ಪಿರಿಟ್ ಬೆರೆಸುತ್ತಾರೆ. ಅರಗಿನ 78ರ ಪ್ಲೇಟುಗಳಿಗೆ ಮಾತ್ರ ಅದನ್ನು ತೋರಿಸಲೂಬಾರದು, ಅರಗು ಕರಗಿಹೋಗುತ್ತದೆ. ಆ ಎಲ್‌ಪಿಯಿಂದ ಇಳಿದ ನೀರು ರಾಯಚೂರಿನ ಮಳೆಗಾಲದ ಹಳ್ಳದ ಬಣ್ಣಕ್ಕಿತ್ತು.

ಒಣಗಿದ ಮೇಲೆ ಹಾಕಿದೆವು. ಯಂತ್ರದ ದನಿ ತುಸು ತಗ್ಗಿಸಿಕೊಂಡು, ಸ್ಪೀಕರಿನ ಎದುರಿಗೆ ಕುರ್ಚಿ ಎಳೆದುಕೊಂಡು ಅವ್ವ ಕೂತಳು. ಮೊದಲ ಸಲ ಪಲ್ಲವಿ ಸಿಕ್ಕಿತು, ಒಂದು ಚರಣ ಅರ್ಧ ಸಿಕ್ಕಿತು. ಎರಡನೆಯ ಸಲ ಇನ್ನಷ್ಟು. ಭೀಮಸೇನರು ತಾನಿಗೆ ಇಳಿದಾಗ "ಇಲ್ಲೆ ಮಾತಿಲ್ಲ ಬಿಡು" ಎಂದು ಕೈ ಬೀಸಿದಳು. ಮೂರನೆಯ ಸಲ ಅಂಕಿತ ಬರುವ ಹೊತ್ತಿಗೆ ಮುಂದಕ್ಕೆ ಬಾಗಿದಳು. "ಪುರಂದರ" ಅಂದಳು. ಮಾನ್ವಿಯವಳಿಗೆ ತುಸು ನಿರಾಸೆಯಾಗಿರಬೇಕು. ಆಮೇಲೆ, "ಇಷ್ಟು ಛಲೋ ಮಾತು ಒಬ್ಬರ ಕೇಳಿದ್ರಲ್ಲ" ಅಂದಳು. ಅದು ಸಿಟ್ಟೋ ಏನೋ ನನಗೆ ಗೊತ್ತಾಗಲಿಲ್ಲ. ಮುಳ್ಳು ಲೇಬಲ್ಲಿನ ಬಳಿ ಕುಟುಕುತ್ತಿತ್ತು, ಎದ್ದು ಎತ್ತಿಟ್ಟೆ.

ನಾನೊಬ್ಬನೇ ಇದ್ದಾಗ ಇಪಿಗಳಿಗೆ ಗುಂಡು ಮುಳ್ಳು ಚುಚ್ಚಿಕೊಳ್ಳುತ್ತೇನೆ, ಮೋನೋ ಮಾಡಿಕೊಳ್ಳುತ್ತೇನೆ. ರಾತ್ರಿ ಊಟವಾದ ಮೇಲೆ ಇನ್ನೊಂದು. ಟ್ರಂಕಿನಲ್ಲಿ ತೊಳೆಯುವುದು ಇನ್ನೂ 22 ಎಲ್‌ಪಿ ಇವೆ. ಒರೆಸುವ ಕೆಲಸ ಅವ್ವ ತನ್ನದು ಅಂದಿದ್ದಾಳೆ, ಅಪ್ಪನ ಹಳೆಯ ಮಲ್ ಧೋತರ ಹರಿದು ಬಟ್ಟೆ ಮಾಡಿಟ್ಟಿದ್ದಾಳೆ. ತೊಳೆಯಲು ಕೊಡುವ ಮೊದಲು ಪ್ರತಿಯೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕ ಏರಿಸಿ, ಲೇಬಲ್ಲಿನ ಮೇಲೆ ಪೆನ್ಸಿಲಿನ ಗುರುತು ಎಲ್ಲಿದೆ ಎಂದು ನೋಡುತ್ತಾಳೆ.